ಸೋಂಕಿತ ಫೈಲಿಗೆ ಡಿಲೀಟ್ ಒಂದೇ ಮದ್ದೆ? ಮನೆಯ ಕಂಪ್ಯೂಟರಿನಲ್ಲಿ ಆಂಟಿವೈರಸ್ಸಿನ ನಿರ್ಧಾರಗಳು

ಆಂಟಿವೈರಸ್ ಕುರಿತ ಚರ್ಚೆಗಳಲ್ಲಿ ಹೆಚ್ಚಿನವು ಪತ್ತೆಯ ಬಗ್ಗೆಯೇ ಇರುತ್ತವೆ: ಯಾವುದು ಹೆಚ್ಚು ವೈರಸ್ ಹಿಡಿಯುತ್ತದೆ, ಯಾವುದು ಬೇಗ ಹಿಡಿಯುತ್ತದೆ. ಹಿಡಿದ ಮೇಲೆ ಆ ಫೈಲನ್ನು ಏನು ಮಾಡಬೇಕು ಎಂಬ ಪ್ರಶ್ನೆಗೆ ಅಷ್ಟು ಗಮನ ಸಿಕ್ಕಿಲ್ಲ. ಕಚೇರಿಯಲ್ಲಾದರೆ ಕಂಪ್ಯೂಟರ್ ನೋಡಿಕೊಳ್ಳಲು ಬಲ್ಲವರೊಬ್ಬರು ಇರುತ್ತಾರೆ, ಬ್ಯಾಕಪ್ಪೂ ಇರುತ್ತದೆ. ಮನೆಯಲ್ಲಿ ಸಾಮಾನ್ಯವಾಗಿ ಎರಡೂ ಇರುವುದಿಲ್ಲ. ಮಗಳ ಪ್ರಾಜೆಕ್ಟ್ ವರದಿ, ಅಜ್ಜನ ಪಿಂಚಣಿ ಕಾಗದಗಳ ಸ್ಕ್ಯಾನ್, ಮದುವೆಯ ಫೋಟೊಗಳು ಒಂದೇ ಹಾರ್ಡ್ ಡಿಸ್ಕಿನಲ್ಲಿ, ಒಂದೇ ಪ್ರತಿಯಾಗಿ ಕೂತಿರುತ್ತವೆ. ಅಂಥ ಕಂಪ್ಯೂಟರಿನಲ್ಲಿ ಆಂಟಿವೈರಸ್ ತೆಗೆದುಕೊಳ್ಳುವ ಮೊದಲ ಕ್ರಮ ಹಿಂದಕ್ಕೆ ಪಡೆಯಬಹುದಾದದ್ದೇ ಆಗಿರಬೇಕು ಎಂಬುದು ಈ ಲೇಖನದ ವಾದ.

ಇದಕ್ಕೆ ಸೈದ್ಧಾಂತಿಕ ಆಧಾರವಿದೆ. ಯಾವ ಪ್ರೋಗ್ರಾಂ ಕೊಟ್ಟರೂ ಅದು ವೈರಸ್ಸೋ ಅಲ್ಲವೋ ಎಂದು ತಪ್ಪಿಲ್ಲದೆ ಹೇಳಬಲ್ಲ ವಿಧಾನ ಇರಲು ಸಾಧ್ಯವೇ ಇಲ್ಲ ಎಂದು ಅಮೆರಿಕದ ಫ್ರೆಡ್ ಕೋಹೆನ್ 1980ರ ದಶಕದಲ್ಲೇ ತರ್ಕದಿಂದ ತೋರಿಸಿದರು. ಆಂಟಿವೈರಸ್ ಎಷ್ಟೇ ಸುಧಾರಿಸಿದರೂ ಕೆಲವು ವೈರಸ್ಸುಗಳು ಅದರ ಕಣ್ಣು ತಪ್ಪಿಸುತ್ತವೆ, ಕೆಲವು ನಿರಪರಾಧಿ ಫೈಲುಗಳು ಅದರ ಕೈಗೆ ಸಿಗುತ್ತವೆ. ತಪ್ಪು ಆಗಿಯೇ ಆಗುತ್ತದೆ ಎಂದು ಗೊತ್ತಿರುವಾಗ ತಿದ್ದಿಕೊಳ್ಳಲಾಗದ ಶಿಕ್ಷೆ ವಿಧಿಸುವುದು ಸರಿಯಲ್ಲ.

ತಪ್ಪು ಆಗಿಯೂ ಇದೆ. 2007ರ ಮೇ ತಿಂಗಳಲ್ಲಿ ಸಿಮ್ಯಾಂಟೆಕ್‌ನ ಒಂದು ಅಪ್‌ಡೇಟ್, ಸರಳೀಕೃತ ಚೀನೀ ಭಾಷೆಯ ವಿಂಡೋಸ್ ಎಕ್ಸ್‌ಪಿಯ ಎರಡು ಅಗತ್ಯ ಫೈಲುಗಳನ್ನೇ ಟ್ರೋಜನ್ ಎಂದು ಭಾವಿಸಿ ಎತ್ತಿಟ್ಟಿತು. ಆ ಕಂಪ್ಯೂಟರುಗಳು ಮತ್ತೆ ಬೂಟ್ ಆಗಲಿಲ್ಲ. 2010ರ ಏಪ್ರಿಲ್ 21ರಂದು ಮೆಕಾಫಿಯ 5958ನೇ ಸಂಖ್ಯೆಯ ಅಪ್‌ಡೇಟ್, ವಿಂಡೋಸ್ ಎಕ್ಸ್‌ಪಿ ಸರ್ವಿಸ್ ಪ್ಯಾಕ್ 3ರ 'ಎಸ್‌ವಿಸಿಹೋಸ್ಟ್' ಫೈಲನ್ನು ವೈರಸ್ ಎಂದು ಗುರುತಿಸಿತು. ಕಂಪ್ಯೂಟರುಗಳು ಮತ್ತೆ ಮತ್ತೆ ರೀಸ್ಟಾರ್ಟ್ ಆಗತೊಡಗಿದವು, ನೆಟ್‌ವರ್ಕ್ ಕಡಿದುಹೋಯಿತು. ಇವೆರಡರಿಂದ ನಾನು ತಿಳಿಯುವುದು ಇಷ್ಟು: ಸಿಸ್ಟಂ ಫೈಲಿನ ವಿಷಯದಲ್ಲಿ ಎತ್ತಿಡುವುದೂ ಅಪಾಯವೇ. ಅದರ ಡಿಜಿಟಲ್ ಸಹಿ ಸರಿಯಿದ್ದರೆ ಮುಟ್ಟಬಾರದು. ಸಹಿ ಕೆಟ್ಟಿದ್ದರೆ ಅಸಲಿ ಪ್ರತಿಯನ್ನು ಅದರ ಜಾಗದಲ್ಲಿ ಕೂರಿಸಿಯೇ ಕೆಟ್ಟದ್ದನ್ನು ತೆಗೆಯಬೇಕು.

'ಸೋಂಕಿತ ಫೈಲ್' ಎಂಬ ಒಂದೇ ಹೆಸರಿನಡಿ ಬೇರೆ ಬೇರೆ ಸಂಗತಿಗಳು ಸೇರಿಕೊಂಡಿವೆ ಎಂಬುದೇ ಗೊಂದಲದ ಮೂಲ. ವರ್ಮ್, ಟ್ರೋಜನ್‌ಗಳಲ್ಲಿ ಫೈಲೇ ರೋಗ. ಅದರೊಳಗೆ ಉಳಿಸಿಕೊಳ್ಳುವಂಥದ್ದು ಏನೂ ಇಲ್ಲ. ನಿಜವಾದ ಅರ್ಥದಲ್ಲಿ ಸೋಂಕು ತಗಲುವುದು ಬೇರೆಯವರ ಪ್ರೋಗ್ರಾಮಿನೊಳಗೆ ವೈರಸ್ ಹೊಕ್ಕಾಗ. ಸರಳ ವೈರಸ್ ಮೂಲ ಪ್ರೋಗ್ರಾಮಿನ ಬಾಲಕ್ಕೆ ಅಂಟಿಕೊಂಡು, ಅದು ಆರಂಭವಾಗುವ ಜಾಗದ ವಿಳಾಸವನ್ನು ತನ್ನ ಕಡೆಗೆ ತಿರುಗಿಸುತ್ತದೆ. ಆ ವಿಳಾಸವನ್ನು ಮೊದಲಿನಂತೆ ಮಾಡಿ ಬಾಲ ಕತ್ತರಿಸಿದರೆ ಫೈಲ್ ಗುಣವಾಗುತ್ತದೆ. 1998ರಲ್ಲಿ ತೈವಾನಿನಿಂದ ಹರಡಿದ ಸಿಐಎಚ್ ವೈರಸ್ ಇಷ್ಟು ಸರಳವಾಗಿರಲಿಲ್ಲ. ಅದು ಫೈಲಿನೊಳಗಿನ ಖಾಲಿ ಸಂದುಗಳಲ್ಲಿ ತುಂಡು ತುಂಡಾಗಿ ಅಡಗುತ್ತಿತ್ತು, ಫೈಲಿನ ಗಾತ್ರ ಬದಲಾಗುತ್ತಲೇ ಇರಲಿಲ್ಲ. ವೈರಟ್ ಎಂಬುದಂತೂ ಸೋಂಕಿಸುವಾಗಲೇ ಎಷ್ಟೋ ಫೈಲುಗಳನ್ನು ಕೆಡಿಸಿಬಿಡುತ್ತಿತ್ತು. ಅಂಥವುಗಳಿಗೆ ಚಿಕಿತ್ಸೆ ಎಂಬುದೇ ಇಲ್ಲ. ಆದ್ದರಿಂದ 'ಕ್ಲೀನ್ ಆಯಿತು' ಎಂಬ ಸಂದೇಶವನ್ನು ನಾನು ಸುಲಭಕ್ಕೆ ನಂಬಲಾರೆ. ಸ್ವಚ್ಛಗೊಂಡ ಪ್ರೋಗ್ರಾಮಿನ ಡಿಜಿಟಲ್ ಸಹಿ ಮತ್ತೆ ತಾಳೆಯಾದರೆ ಮಾತ್ರ ಅದು ಮೊದಲಿನಂತಾಗಿದೆ ಎನ್ನಬಹುದು. ತಾಳೆಯಾಗದಿದ್ದರೆ ಆ ಪ್ರೋಗ್ರಾಮನ್ನು ಹೊಸದಾಗಿ ಇನ್‌ಸ್ಟಾಲ್ ಮಾಡಿಕೊಳ್ಳುವುದೇ ಲೇಸು, ಏಕೆಂದರೆ ಪ್ರೋಗ್ರಾಂ ಮತ್ತೆ ಸಿಗುತ್ತದೆ.

ಮತ್ತೆ ಸಿಗದೆ ಇರುವುದು ನಾವು ಬರೆದದ್ದು. ವರ್ಡ್ ಫೈಲಿನಲ್ಲಿ ವೈರಸ್ ಇರುವುದು ಮ್ಯಾಕ್ರೋದಲ್ಲಿ, ಬರಹದಲ್ಲಲ್ಲ. ಮ್ಯಾಕ್ರೋ ಕಿತ್ತು ಬರಹ ಉಳಿಸುವುದು ತಾಂತ್ರಿಕವಾಗಿ ಕಷ್ಟವೇನಲ್ಲ. ಹಾಗಿದ್ದೂ ಇಡೀ ಫೈಲನ್ನೇ ಅಳಿಸುವ ಸೆಟ್ಟಿಂಗ್ ಇಟ್ಟುಕೊಂಡರೆ, 'ನುಡಿ' ತಂತ್ರಾಂಶದಲ್ಲಿ ತಿಂಗಳುಗಟ್ಟಲೆ ಟೈಪಿಸಿದ ಹಸ್ತಪ್ರತಿಯೊಂದು ನಾಲ್ಕು ಸಾಲಿನ ಮ್ಯಾಕ್ರೋದ ಜೊತೆಗೆ ಹೋಗಿಬಿಡುತ್ತದೆ. ಇಮೇಲಿನಲ್ಲಿ ಹಾನಿ ಇನ್ನೂ ದೊಡ್ಡದು. ಥಂಡರ್‌ಬರ್ಡ್ ಸಾಮಾನ್ಯವಾಗಿ ಒಂದು ಫೋಲ್ಡರಿನ ಪತ್ರಗಳನ್ನೆಲ್ಲ ಒಂದೇ ಫೈಲಿನಲ್ಲಿ ಸಾಲಾಗಿ ಇಡುತ್ತದೆ. ಅವುಗಳಲ್ಲಿ ಒಂದು ಪತ್ರಕ್ಕೆ ವೈರಸ್ ಅಂಟಿದ್ದು, ಆಂಟಿವೈರಸ್ 'ಫೈಲ್ ಸೋಂಕಿತ' ಎಂದುಕೊಂಡರೆ ಇಡೀ ಇನ್‌ಬಾಕ್ಸೇ ಖಾಲಿ! ಬರುವ ಪತ್ರಗಳನ್ನು ಒಂದೊಂದಾಗಿ ಪರೀಕ್ಷಿಸಲು ಬಿಡುವ ಆಯ್ಕೆಯನ್ನು ಥಂಡರ್‌ಬರ್ಡ್ ಕೊಟ್ಟಿರುವುದು ಇದೇ ಕಾರಣಕ್ಕೆ.

ನಮ್ಮ ಡಿಟಿಪಿ ಅಂಗಡಿ, ಸೈಬರ್ ಕೆಫೆಗಳಿಗೆ ಹೋಗಿ ಬಂದವರಿಗೆ 'ಶಾರ್ಟ್‌ಕಟ್ ವೈರಸ್' ಗೊತ್ತಿರುತ್ತದೆ. ಪೆನ್ ಡ್ರೈವಿನ ಫೋಲ್ಡರುಗಳನ್ನು ಅದು ಮರೆಮಾಡಿ, ಅದೇ ಹೆಸರಿನ ಶಾರ್ಟ್‌ಕಟ್‌ಗಳನ್ನು ಇಡುತ್ತದೆ. ಆಂಟಿವೈರಸ್ ಶಾರ್ಟ್‌ಕಟ್‌ಗಳನ್ನು ಅಳಿಸಿ ಸುಮ್ಮನಾಗುತ್ತದೆ. ಪೆನ್ ಡ್ರೈವ್ ಬರಿದಾದಂತೆ ಕಾಣುತ್ತದೆ. ಗಾಬರಿಯಿಂದ ಫಾರ್ಮ್ಯಾಟ್ ಮಾಡಿದವರು ಉಂಟು. ಫೈಲುಗಳು ಅಲ್ಲೇ ಇರುತ್ತವೆ, 'ಆ್ಯಟ್ರಿಬ್' ಆದೇಶದಿಂದ 'ಹಿಡನ್' ಮತ್ತು 'ಸಿಸ್ಟಂ' ಗುರುತು ತೆಗೆದರೆ ಕಾಣಿಸಿಕೊಳ್ಳುತ್ತವೆ. ವೈರಸ್ ಮಾಡಿದ ಬದಲಾವಣೆಯನ್ನು ತಿರುಗಿಸುವುದೂ ಚಿಕಿತ್ಸೆಯ ಭಾಗ ಎಂದು ತಯಾರಕರು ಒಪ್ಪಬೇಕು.

ಹಿಂದಕ್ಕೆ ಪಡೆಯಬಹುದಾದ ಆ ಮೊದಲ ಕ್ರಮವೇ ಕ್ವಾರಂಟೈನ್. ಅದು ಮಾಡುವುದೇನು? ಫೈಲನ್ನು ಅದರ ಜಾಗದಿಂದ ಎತ್ತಿ, ಓಡದಂತೆ ಸಂಕೇತೀಕರಿಸಿ, ಮೂಲ ವಿಳಾಸದ ಸಮೇತ ಪ್ರತ್ಯೇಕ ಫೋಲ್ಡರಿನಲ್ಲಿ ಇಡುತ್ತದೆ. ಇದನ್ನು ನೋಡಲೆಂದೇ ನನ್ನ ಮನೆಯ ಕಂಪ್ಯೂಟರಿನಲ್ಲಿ ಐಕಾರ್ ಪರೀಕ್ಷಾ ಫೈಲನ್ನು ಮಾಡಿದೆ. ಅದು 68 ಅಕ್ಷರಗಳ ಒಂದು ಸಾಲು. ವೈರಸ್ ಅಲ್ಲ, ಆದರೆ ಪರೀಕ್ಷೆಗಾಗಿ ಅದನ್ನು ವೈರಸ್ಸಿನಂತೆ ಹಿಡಿಯುವುದು ಆಂಟಿವೈರಸ್ ತಯಾರಕರಲ್ಲಿ ರೂಢಿ. ನೋಟ್‌ಪ್ಯಾಡಿನಲ್ಲಿ ಸೇವ್ ಮಾಡಿದೊಡನೆ ಪರದೆಯ ಬಲಮೂಲೆಯಲ್ಲಿ ಎಚ್ಚರಿಕೆ ಬಂತು, ಫೋಲ್ಡರಿನಿಂದ ಫೈಲ್ ಮಾಯವಾಯಿತು. ವಿಂಡೋಸ್ ಡಿಫೆಂಡರ್‌ನ ಇತಿಹಾಸದ ಪುಟದಲ್ಲಿ ಅದರ ಹಳೆಯ ವಿಳಾಸ ಹಾಗೆಯೇ ಇತ್ತು. ಅಲ್ಲಿ ಎರಡು ಆಯ್ಕೆಗಳು, 'ರಿಮೂವ್' ಮತ್ತು 'ರಿಸ್ಟೋರ್'. ಒಂದು ಶಾಶ್ವತವಾಗಿ ಕಳೆಯುತ್ತದೆ, ಇನ್ನೊಂದು ಮರಳಿ ತರುತ್ತದೆ. ಯಾವುದು ಏನು ಮಾಡುತ್ತದೆ ಎಂದು ಕನ್ನಡದಲ್ಲಿ ಒಂದು ಸಾಲಿದ್ದರೆ ಮನೆಯ ಹಿರಿಯರೂ ಧೈರ್ಯವಾಗಿ ಒತ್ತುತ್ತಿದ್ದರು.

ಕ್ವಾರಂಟೈನಿಗೂ ಮಿತಿಯಿದೆ. ಸ್ಯಾಲಿಟಿಯಂಥ ವೈರಸ್ ಮೆಮೊರಿಯಲ್ಲಿ ಓಡುತ್ತಿರುವಾಗ ಫೈಲುಗಳನ್ನು ಸ್ವಚ್ಛ ಮಾಡಿದರೆ ಅವು ಮತ್ತೆ ಸೋಂಕುತ್ತವೆ. ಮೊದಲು ಬೇರೆ ಸ್ವಚ್ಛ ಡಿಸ್ಕಿನಿಂದ ಬೂಟ್ ಮಾಡಿ ಸ್ಕ್ಯಾನ್ ಮಾಡಬೇಕು. ಇನ್ನು ರ‍್ಯಾನ್ಸಮ್‌ವೇರ್ ಬೀಗ ಹಾಕಿದ ಫೈಲುಗಳು ಸೋಂಕಿತವಲ್ಲ, ಒತ್ತೆಯಾಳುಗಳು. ಅವನ್ನು ಕಾಪಾಡುವುದು ಸಾಮಾನ್ಯವಾಗಿ ಬ್ಯಾಕಪ್ ಮಾತ್ರ.

ಓದುಗರಲ್ಲಿ ಒಂದು ವಿನಂತಿ. ನಿಮ್ಮ ಆಂಟಿವೈರಸ್ಸಿನ ಸೆಟ್ಟಿಂಗ್ ಇಂದೇ ತೆರೆದು ನೋಡಿ. ತಾನಾಗಿ ಅಳಿಸುವ ಆಯ್ಕೆ ಇದ್ದರೆ ಅದನ್ನು ಕ್ವಾರಂಟೈನಿಗೆ ಬದಲಿಸಿ, ಮತ್ತು ಆ ಪಟ್ಟಿಯನ್ನು ಖಾಲಿ ಮಾಡುವ ಮುನ್ನ ಪ್ರತಿ ಫೈಲಿನ ಹೆಸರನ್ನೂ ಒಮ್ಮೆ ಓದಿ.