ಕಾಣದ ಕನ್ನಡ, ಕಾಣಿಸಿಕೊಳ್ಳುವ ಕಪಟ

2021ರ ಜೂನ್ 3ರಂದು ಕನ್ನಡಿಗರ ಮೊಬೈಲುಗಳಲ್ಲಿ ಒಂದು ಸ್ಕ್ರೀನ್‌ಶಾಟ್ ಹರಿದಾಡತೊಡಗಿತು. ಭಾರತದ ಅತ್ಯಂತ ಕೊಳಕು ಭಾಷೆ ಯಾವುದೆಂದು ಇಂಗ್ಲಿಷಿನಲ್ಲಿ ಕೇಳಿದರೆ ಗೂಗಲ್ ಕನ್ನಡದ ಹೆಸರು ಹೇಳುತ್ತಿತ್ತು. ಟ್ವಿಟರ್‌ನಲ್ಲಿ ಸಿಟ್ಟು ಸ್ಫೋಟಿಸಿತು. ಆಗ ಕನ್ನಡ ಮತ್ತು ಸಂಸ್ಕೃತಿ ಸಚಿವರಾಗಿದ್ದ ಅರವಿಂದ ಲಿಂಬಾವಳಿ ಕ್ಷಮೆಗೆ ಒತ್ತಾಯಿಸಿ, ಕಾನೂನು ಕ್ರಮದ ಮಾತೆತ್ತಿದರು. ಗೂಗಲ್ ಕ್ಷಮೆ ಕೇಳಿತು, ಉತ್ತರವೂ ಮಾಯವಾಯಿತು.

ಆ ಗದ್ದಲದಲ್ಲಿ ಒಂದು ಪ್ರಶ್ನೆಯನ್ನು ಹೆಚ್ಚಿನವರು ಕೇಳಲಿಲ್ಲ: ಗೂಗಲ್‌ಗೆ ಆ ಸಾಲು ಸಿಕ್ಕಿದ್ದೆಲ್ಲಿಂದ? ಯಾವ ಭಾಷಾಶಾಸ್ತ್ರದ ಪುಸ್ತಕದಿಂದಲೂ ಅಲ್ಲ. ಸಾಲಗಾರರಿಗೆ ಸಲಹೆ ಕೊಡುವಂಥ ಹೆಸರಿಟ್ಟುಕೊಂಡ ಒಂದು ಜಾಲತಾಣದಿಂದ. ಸಾಲಕ್ಕೂ ಭಾಷೆಯ ಸೌಂದರ್ಯಕ್ಕೂ ಏನು ನಂಟು ಎಂದು ಕೇಳಬೇಡಿ. ಜನ ಏನನ್ನು ಹುಡುಕಬಹುದೆಂದು ಊಹಿಸಿ, ಆ ಪ್ರಶ್ನೆಗಳನ್ನೇ ತಲೆಬರಹ ಮಾಡಿ, ಕೆಳಗೆ ಎರಡು ಸಾಲು ಉತ್ತರ ತುಂಬಿಡುವ ಪುಟಗಳು ಅಂತರಜಾಲದಲ್ಲಿ ಲೆಕ್ಕವಿಲ್ಲದಷ್ಟಿವೆ. 2014ರಿಂದ ಗೂಗಲ್ ಪ್ರಶ್ನೆಗೆ ನೇರ ಉತ್ತರವನ್ನೇ ಎತ್ತಿ ಮೇಲಿನ ಚೌಕದಲ್ಲಿ ತೋರಿಸುತ್ತಿದೆ. ಯಾವ ಮರ್ಯಾದಸ್ಥರೂ ಕೇಳದ ಪ್ರಶ್ನೆಗೆ ಉತ್ತರ ಬರೆದವರೂ ಅಪರೂಪ. ಹೀಗಾಗಿ ಬರೆದವನೇ ಗೆದ್ದ.

ವೆಬ್ ವಿನ್ಯಾಸದ ಇತಿಹಾಸವನ್ನು ಕನ್ನಡದ ಕಡೆಯಿಂದ ನೋಡಿದರೆ ಎರಡು ದಾರಿ ಕಾಣುತ್ತವೆ. ಒಂದರಲ್ಲಿ ಹುಡುಕಾಟದಲ್ಲಿ ಮೇಲೆ ಬರುವುದಕ್ಕಾಗಿಯೇ ಹುಟ್ಟಿದ ಪುಟಗಳಿವೆ. ಇನ್ನೊಂದರಲ್ಲಿ ಇರುವುದು ಶ್ರದ್ಧೆಯಿಂದ ಬರೆದರೂ ಹುಡುಕಾಟಕ್ಕೆ ಸಿಗದೇ ಉಳಿದ ಬರಹ. ಎರಡನೆಯದರ ಕಥೆಯೇ ಹೆಚ್ಚು ಹಳೆಯದು, ಹೆಚ್ಚು ನೋವಿನದು.

1996ರಲ್ಲಿ ಯು.ಬಿ. ಪವನಜ ‘ವಿಶ್ವಕನ್ನಡ’ವನ್ನು ಆರಂಭಿಸಿದರು. ಕನ್ನಡದ ಮೊದಲ ಅಂತರಜಾಲ ಪತ್ರಿಕೆಯೆಂಬ ಹೆಸರು ಅದಕ್ಕಿದೆ. ವೆಬ್ ಪುಟಗಳ ಅಂದಚೆಂದವನ್ನು ನಿರ್ಧರಿಸುವ ಸಿಎಸ್‌ಎಸ್‌ನ ಮೊದಲ ಆವೃತ್ತಿ ಮಾನ್ಯತೆ ಪಡೆದದ್ದೂ ಅದೇ ವರ್ಷದ ಡಿಸೆಂಬರ್‌ನಲ್ಲಿ. ಆಗ ಕನ್ನಡ ಪುಟ ಓದಬೇಕೆಂದರೆ ಓದುಗ ಮೊದಲು ಫಾಂಟ್ ಇಳಿಸಿಕೊಳ್ಳಬೇಕಿತ್ತು. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರ ‘ಬರಹ’ ತಂತ್ರಾಂಶ ಬಂತು. ಮುಂದೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಸರ್ಕಾರಿ ಕಚೇರಿಗಳನ್ನು ಹೊಕ್ಕಿತು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಸಾವಿರಾರು ಬೆರಳುಗಳಿಗೆ ಅಭ್ಯಾಸವಾಯಿತು. ಕನ್ನಡ ಗಣಕದಲ್ಲಿ ನೆಲೆಯೂರಿದ್ದು ಇವರಿಂದಲೇ.

ಆದರೆ ಒಂದು ತೊಡಕಿತ್ತು. ಅಂದಿನ ನುಡಿ, ಬರಹ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ್ದವು. ಪರದೆಯ ಮೇಲೆ ‘ಕನ್ನಡ’ ಎಂದು ಮುದ್ದಾಗಿ ಕಾಣುವ ಪದ ಕಡತದೊಳಗೆ ಇದ್ದದ್ದು ಹೀಗೆ: ದೊಡ್ಡಕ್ಷರದ ಪಿ, ನೆತ್ತಿಯ ಮೇಲೆ ಓರೆಗೀಟು ಹೊತ್ತ ಎ, ಬ್ರಿಟಿಷ್ ಪೌಂಡಿನ ಚಿಹ್ನೆ, ಮತ್ತೆ ಅದೇ ಗೀಟಿನ ಎ, ಜರ್ಮನ್ನರ ಜೋಡಿ ಎಸ್, ಸಣ್ಣಕ್ಷರದ ಕ್ಯೂ, ಮತ್ತೊಮ್ಮೆ ಗೀಟಿನ ಎ. ಫಾಂಟ್ ತೆಗೆದರೆ ಉಳಿಯುವುದು ಈ ಏಳರ ಗೋಜಲು. ಸರ್ಚ್ ಎಂಜಿನ್ ಫಾಂಟ್ ನೋಡುವುದಿಲ್ಲ, ಕಡತ ಓದುತ್ತದೆ. ಅದರ ಪಾಲಿಗೆ ಅಲ್ಲಿ ಕನ್ನಡವೇ ಇರಲಿಲ್ಲ. ಒಂದಿಡೀ ದಶಕದ ಕಥೆ, ವಿಮರ್ಶೆ, ಸುದ್ದಿ ಹೀಗೆ ಕಣ್ಣಿಗೆ ಕಂಡೂ ಹುಡುಕಾಟಕ್ಕೆ ಸಿಗದಂತಾಯಿತು. ಇಂದಿಗೂ ಎಷ್ಟೋ ಸರ್ಕಾರಿ ಸುತ್ತೋಲೆಗಳ ಪಿಡಿಎಫ್‌ನಿಂದ ಒಂದು ಸಾಲು ನಕಲಿಸಿ ವಾಟ್ಸ್‌ಆ್ಯಪ್‌ಗೆ ಅಂಟಿಸಿದರೆ ಇದೇ ಗೋಜಲು ಬೀಳುತ್ತದೆ.

ಇತ್ತ ಕನ್ನಡ ಫಾಂಟುಗಳ ಜೊತೆ ಗುದ್ದಾಡುತ್ತಿದ್ದ ಹೊತ್ತಿನಲ್ಲಿ ಅತ್ತ ಇಂಗ್ಲಿಷಿನ ಲೋಕ ಬೇರೆಯದೇ ಆಟದಲ್ಲಿ ತೊಡಗಿತ್ತು. ಆರಂಭದ ತಂತ್ರ ತೀರಾ ಬಾಲಿಶ. ಬಿಳಿ ಹಿನ್ನೆಲೆಯಲ್ಲಿ ಬಿಳಿ ಅಕ್ಷರಗಳಲ್ಲಿ ಒಂದೇ ಪದವನ್ನು ನೂರು ಸಲ ಬರೆಯುವುದು. ಓದುಗನಿಗೆ ಕಾಣದು, ಯಂತ್ರಕ್ಕೆ ಕಾಣುತ್ತದೆ. 1998ರಲ್ಲಿ ಕಂಪನಿಯಾದ ಗೂಗಲ್, ಒಂದು ಪುಟಕ್ಕೆ ಬೇರೆಯವರು ಎಷ್ಟು ಲಿಂಕ್ ಕೊಟ್ಟಿದ್ದಾರೆ, ಕೊಟ್ಟವರು ಎಂಥವರು ಎಂಬುದರ ಮೇಲೆ ಬೆಲೆ ಕಟ್ಟತೊಡಗಿತು. ಒಡನೆಯೇ ಲಿಂಕ್‌ಗಳದೇ ಸಂತೆ ಶುರುವಾಯಿತು. ಮಾರುವವರು, ಕೊಳ್ಳುವವರು, ಪರಸ್ಪರ ಬದಲಿಸಿಕೊಳ್ಳುವವರು, ಕಂಡಕಂಡಲ್ಲಿ ಅಂಟಿಸಿ ಹೋಗುವವರು. ಈ ಅಂಟಿಸುವ ಚಾಳಿಗೆ ತಡೆ ಹಾಕಲು 2005ರ ಜನವರಿಯಲ್ಲಿ ಗೂಗಲ್, ಯಾಹೂ, ಮೈಕ್ರೋಸಾಫ್ಟ್ ಒಟ್ಟಾಗಿ ‘ನೋಫಾಲೋ’ ಗುರುತನ್ನು ತಂದವು. ಆ ಗುರುತಿದ್ದ ಲಿಂಕನ್ನು ಬೆಲೆ ಕಟ್ಟುವಾಗ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

ದೊಡ್ಡವರೂ ಸಿಕ್ಕಿಬಿದ್ದರು. 2006ರ ಫೆಬ್ರವರಿಯಲ್ಲಿ ಬಿಎಂಡಬ್ಲ್ಯುನ ಜರ್ಮನ್ ಜಾಲತಾಣವನ್ನು ಗೂಗಲ್ ತನ್ನ ಪಟ್ಟಿಯಿಂದಲೇ ಕಿತ್ತುಹಾಕಿತು. ಅಲ್ಲಿ ಯಂತ್ರಕ್ಕೊಂದು ಪುಟ, ಮನುಷ್ಯರಿಗೊಂದು ಪುಟ ಇತ್ತು. ಯಂತ್ರದ ಪುಟದಲ್ಲಿ ಬಳಸಿದ ಕಾರು ಎಂಬ ಪದ ಪದೇಪದೇ ಬರುತ್ತಿತ್ತು. ಜೆ.ಸಿ. ಪೆನ್ನಿ ಎಂಬ ಅಮೆರಿಕದ ದೊಡ್ಡ ಅಂಗಡಿ ಸಂಸ್ಥೆ ಸಂಬಂಧವೇ ಇಲ್ಲದ ಸಾವಿರಾರು ಪುಟಗಳ ಲಿಂಕ್ ಬಲದಿಂದ ಮೇಲೇರಿದ್ದನ್ನು 2011ರ ಫೆಬ್ರವರಿಯಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಬಯಲಿಗೆಳೆಯಿತು. ಸಂಸ್ಥೆಯ ಪುಟಗಳು ಕೆಲವೇ ಗಂಟೆಗಳಲ್ಲಿ ಹತ್ತಾರು ಸ್ಥಾನ ಕೆಳಗಿಳಿದವು. ಅದೇ ತಿಂಗಳು ಬಂದ ‘ಪಾಂಡಾ’ ಪರಿಷ್ಕರಣೆ ಟೊಳ್ಳು ಬರಹದ ಕಾರ್ಖಾನೆಗಳಿಗೆ ಪೆಟ್ಟು ಕೊಟ್ಟರೆ, 2012ರ ಏಪ್ರಿಲ್‌ನ ‘ಪೆಂಗ್ವಿನ್’ ಕೊಂಡ ಲಿಂಕ್‌ಗಳಿಗೆ ಕೊಟ್ಟಿತು. ಪುಟದ ಹಿಂದೆ ಅಡಗಿಸಿಡುವ ಕೀವರ್ಡ್ ಪಟ್ಟಿಯನ್ನು ತಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ ಎಂದು ಗೂಗಲ್ 2009ರಲ್ಲೇ ಬಹಿರಂಗವಾಗಿ ಹೇಳಿದೆ. ಆದರೂ ‘ಐವತ್ತು ಕೀವರ್ಡ್ ಹಾಕಿಕೊಡುತ್ತೇವೆ ಸರ್’ ಎಂಬ ಮಾರಾಟದ ಮಾತು ನಮ್ಮ ಪೇಟೆಗಳಲ್ಲಿ ಇನ್ನೂ ಸತ್ತಿಲ್ಲ.

ಕನ್ನಡಕ್ಕೆ ಬಿಡುಗಡೆ ತಂದದ್ದು ಪ್ರತಿ ಲಿಪಿಯ ಅಕ್ಷರಗಳಿಗೂ ತಮ್ಮದೇ ಸಂಕೇತ ಕೊಡುವ ಯೂನಿಕೋಡ್. ಅದರ ಮೊದಲ ಆವೃತ್ತಿ 1991ರದು, ಕನ್ನಡಕ್ಕೆ ಆಗಲೇ ಜಾಗವಿತ್ತು. ಸಾಮಾನ್ಯರ ಮೇಜಿಗೆ ಅದು ತಲುಪಿದ್ದು ಹತ್ತು ವರ್ಷ ತಡವಾಗಿ, ವಿಂಡೋಸ್ ಎಕ್ಸ್‌ಪಿಯ ‘ತುಂಗಾ’ ಫಾಂಟ್ ಮೂಲಕ. 2003ರಲ್ಲಿ ಕನ್ನಡ ವಿಕಿಪೀಡಿಯ, 2005ರಲ್ಲಿ ಹರಿಪ್ರಸಾದ್ ನಾಡಿಗರ ‘ಸಂಪದ’, ಆಮೇಲೆ ‘ಕೆಂಡಸಂಪಿಗೆ’, ‘ಕಣಜ’. ಮೊದಲ ಬಾರಿಗೆ ಕನ್ನಡ ಪದ ಟೈಪಿಸಿದರೆ ಕನ್ನಡ ಪುಟ ಎದುರಿಗೆ ಬಂತು. ಇವರಲ್ಲಿ ಯಾರೂ ಲಿಂಕ್ ಕೊಂಡವರಲ್ಲ. ಅಕ್ಷರವನ್ನು ಅಕ್ಷರವಾಗಿಯೇ ಇಟ್ಟರು, ಅಷ್ಟೆ. ಕನ್ನಡದ ಮಟ್ಟಿಗೆ ಇದಕ್ಕಿಂತ ದೊಡ್ಡ ಎಸ್‌ಇಒ (ಹುಡುಕಾಟದಲ್ಲಿ ಪುಟ ಮೇಲೆ ಬರುವಂತೆ ಮಾಡುವ ಕೆಲಸ) ಇನ್ನೂ ಆಗಿಲ್ಲ.

ಈ ದಾರಿಯ ಒಳ್ಳೆಯ ಫಲ ನೋಡಬೇಕೆಂದರೆ ‘ವಚನ ಸಂಚಯ’ಕ್ಕೆ ಹೋಗಬೇಕು. 20 ಸಾವಿರಕ್ಕೂ ಹೆಚ್ಚು ವಚನಗಳು ಅಲ್ಲಿ ಯೂನಿಕೋಡಿನಲ್ಲಿವೆ. ಒಂದು ಪದ ಕೊಟ್ಟರೆ ಅದು ಯಾರ ಯಾವ ವಚನದಲ್ಲಿ ಬಂದಿದೆಯೆಂದು ಎತ್ತಿ ತೋರಿಸುತ್ತದೆ. ಬೀದರ್ ಸೀಮೆಯ ಬಸವಕಲ್ಯಾಣದ ಹುಡುಗನೊಬ್ಬ ತನ್ನ ಊರಿನಲ್ಲಿ ಹುಟ್ಟಿದ ಸಾಹಿತ್ಯವನ್ನು ಮೊಬೈಲಿನಲ್ಲೇ ಪದಪದವಾಗಿ ತಡಕಬಹುದು. ಥಳಕಿಲ್ಲದ ವಿನ್ಯಾಸ, ಹೊತ್ತುಗೊತ್ತಿಲ್ಲದೆ ಮೇಲೆ ಬೀಳುವ ಜಾಹೀರಾತಿಲ್ಲ.

ಅದೇ ಬಸವಕಲ್ಯಾಣದ ಸೀಮೆಯ ಗೋರ್ಟಾ (ಬಿ)ಯನ್ನು ಹುಡುಕಿದರೆ ಚಿತ್ರ ಬೇರೆ. 1948ರ ಮೇ ತಿಂಗಳಲ್ಲಿ ಹೈದರಾಬಾದ್ ನಿಜಾಮನ ಪರವಾಗಿದ್ದ ರಜಾಕಾರರು ಈ ಊರಿನ ಮೇಲೆ ನಡೆಸಿದ ದಾಳಿಯಲ್ಲಿ ಸುಮಾರು 200 ಜನ ಹತರಾದರೆಂದು ಹೇಳುತ್ತಾರೆ. ದಕ್ಷಿಣದ ಜಲಿಯನ್‌ವಾಲಾಬಾಗ್ ಎಂದು ಕರೆಸಿಕೊಳ್ಳುವ ಊರು. 2023ರ ಮಾರ್ಚ್ 26ರಂದು ಅಮಿತ್ ಶಾ ಹುತಾತ್ಮರ ಸ್ಮಾರಕವನ್ನು ಉದ್ಘಾಟಿಸಿ, 103 ಅಡಿ ಎತ್ತರದ ಧ್ವಜಸ್ತಂಭದಲ್ಲಿ ಬಾವುಟ ಹಾರಿಸಿದಾಗ ಸುದ್ದಿಪುಟಗಳೇನೋ ಸಾಲುಗಟ್ಟಿದವು. ಸುದ್ದಿ ಹಳತಾಗುತ್ತದೆ. ಸುದ್ದಿಯಿಲ್ಲದ ಕಾಲದಲ್ಲಿ ಇಂಥ ಹಳ್ಳಿಗಳ ಹೆಸರು ಹುಡುಕಿದವರಿಗೆ ಎದುರಾಗುವುದು ಅಚ್ಚಿನಲ್ಲಿ ಒತ್ತಿ ತೆಗೆದ ಪುಟಗಳು: 2011ರ ಜನಗಣತಿಯ ಜನಸಂಖ್ಯೆ, ಪಿನ್‌ಕೋಡ್, ಸಾಕ್ಷರತೆಯ ಪ್ರಮಾಣ, ತಲುಪುವುದು ಹೇಗೆ, ನಡುನಡುವೆ ಜಾಹೀರಾತು. ಊರಿನ ಹೆಸರು ಬದಲಿಸಿದರೆ ಅದೇ ವಾಕ್ಯ ಹುಮನಾಬಾದಿನ ಹಳ್ಳಿಗೂ ಸೈ, ಬಿಹಾರದ ಹಳ್ಳಿಗೂ ಸೈ. ದೇಶದ 6 ಲಕ್ಷಕ್ಕೂ ಮಿಕ್ಕಿದ ಹಳ್ಳಿಗಳಿಗೆ 6 ಲಕ್ಷ ಪುಟ! ಹುಮನಾಬಾದಿನ ಮೇಲೆ ಹಾಯುವ ಬೀದರ್–ಕಲಬುರಗಿ ರೈಲುಮಾರ್ಗ ಪೂರ್ತಿಯಾದದ್ದು 2017ರಲ್ಲಿ. 2011ರ ಅಂಕಿಗಳಿಂದ ಹೊಸೆದ ಪುಟಕ್ಕೆ ಅದರ ಸುಳಿವಾದರೂ ಹೇಗೆ ಸಿಗಬೇಕು? 1948ರ ಮಾತಂತೂ ಬಿಡಿ, ಅದಕ್ಕೆ ಗಣತಿಯ ಕೋಷ್ಟಕದಲ್ಲಿ ಕಲಮೇ ಇಲ್ಲ.

ಇಂಥ ರಾಶಿ ಪುಟಗಳನ್ನು ಗೂಗಲ್ 2024ರ ಮಾರ್ಚ್‌ನಲ್ಲಿ ಹೆಸರಿಟ್ಟೇ ಖಂಡಿಸಿತು. ಓದುಗನಿಗೆ ಉಪಯೋಗವಿಲ್ಲದೆ, ಹುಡುಕಾಟದಲ್ಲಿ ಮೇಲೆ ಬರಲೆಂದೇ ಸಗಟಾಗಿ ತಯಾರಿಸಿದ ಬರಹ ವಂಚನೆಯೇ ಸರಿ, ಅದನ್ನು ಮನುಷ್ಯ ಬರೆದಿರಲಿ, ಯಂತ್ರ ಬರೆದಿರಲಿ. ಅವಧಿ ಮುಗಿದ ಹಳೆಯ ಡೊಮೇನ್ ಕೊಂಡು ಅದರ ಒಳ್ಳೆಯ ಹೆಸರಿನಡಿ ಕಸ ತುಂಬುವುದು, ನಂಬಿಕಸ್ಥ ಜಾಲತಾಣದ ಮೂಲೆಯನ್ನು ಬಾಡಿಗೆಗೆ ಪಡೆದು ತನ್ನ ಸರಕು ಇಡುವುದು, ಇವೂ ಅದೇ ಪಟ್ಟಿಗೆ ಸೇರಿದವು. ಗೂಗಲ್ ಟ್ರಾನ್ಸ್‌ಲೇಟ್‌ಗೆ ಕನ್ನಡ ಸೇರಿದ್ದು 2011ರ ಜೂನ್‌ನಲ್ಲಿ. ಅಂದಿನಿಂದ ಯಂತ್ರ ಅನುವಾದಿಸಿದ್ದನ್ನು ಯಾರೂ ಓದಿ ನೋಡದೆ ಪ್ರಕಟಿಸುವ ‘ಕನ್ನಡ’ ಪುಟಗಳೂ ಬೆಳೆಯುತ್ತ ಬಂದಿವೆ. ಹೊಸ ಎಐ ಸಲಕರಣೆಗಳ ಕನ್ನಡ ಹೆಚ್ಚು ಸರಾಗ, ಹಾಗಾಗಿ ಹೆಚ್ಚು ಅಪಾಯಕಾರಿ.

ಹಾಗಾದರೆ ಊರಿನ ಶಾಲೆಗೋ ಮಠಕ್ಕೋ ಅಂಗಡಿಗೋ ಜಾಲತಾಣ ಕಟ್ಟುವವರಿಗೆ ನೆಟ್ಟಗಿನ ದಾರಿ ಯಾವುದು? ಸಲಕರಣೆಗಳಿಗೆ ಈಗ ಬರವಿಲ್ಲ, ಹೆಚ್ಚಿನವಕ್ಕೆ ಕಾಸೂ ಬೇಡ. ಎಚ್‌ಟಿಎಂಎಲ್, ಸಿಎಸ್‌ಎಸ್ ಕಲಿಯಲು ಮೊಜಿಲ್ಲಾದ ಎಂಡಿಎನ್ ಇದೆ. ಫಾಂಟ್ ಬೇಕೆಂದರೆ ಗುಬ್ಬಿ, ನವಿಲು, ನೋಟೊ ಸಾನ್ಸ್ ಕನ್ನಡ, ಬಲೂ ತಮ್ಮ, ಅಕಾಯ ಕನಡಕ, ಹುಬ್ಬಳ್ಳಿ ಇವೆಲ್ಲ ಮುಕ್ತವಾಗಿ ಸಿಗುತ್ತವೆ. ಒಂದೇ ಪುಟ ಮೊಬೈಲಿಗೂ ಕಂಪ್ಯೂಟರಿಗೂ ಹೊಂದಿಕೊಳ್ಳಬೇಕೆಂಬ ವಿಚಾರವನ್ನು ಈಥನ್ ಮಾರ್ಕಾಟ್ 2010ರಲ್ಲಿ ಬರೆದರು. ಈಗ ಅದು ಉಚಿತ ಥೀಮುಗಳಲ್ಲೂ ಬಂದೇ ಬರುತ್ತದೆ. ಗೂಗಲ್‌ನ ಸರ್ಚ್ ಕನ್ಸೋಲ್‌ನಲ್ಲಿ ಜನ ಯಾವ ಪದ ಹುಡುಕಿ ತಮ್ಮ ಪುಟಕ್ಕೆ ಬಂದರೆಂದು ಮಾಲೀಕರೇ ನೋಡಿಕೊಳ್ಳಬಹುದು.

ತೊಂದರೆ ಇರುವುದು ಸಣ್ಣಪುಟ್ಟದರಲ್ಲಿ. ಇಂಗ್ಲಿಷಿಗೆಂದು ಮಾಡಿದ ಥೀಮಿನಲ್ಲಿ ಸಾಲುಗಳ ನಡುವಿನ ಜಾಗ ಕಡಿಮೆ. ‘ರಾಷ್ಟ್ರ’ ಎಂಬ ಪದದಲ್ಲಿ ಒತ್ತಿನ ಕೆಳಗೆ ಒತ್ತು ಬರುತ್ತದೆ, ಅದು ಕೆಳಗಿನ ಸಾಲಿನ ಗುಣಿತಕ್ಕೆ ಡಿಕ್ಕಿ ಹೊಡೆಯುತ್ತದೆ, ಇಲ್ಲವೇ ತಲೆಬರಹದ ಅಂಚಿನಲ್ಲಿ ಕತ್ತರಿಸಿ ಹೋಗುತ್ತದೆ. ಅಕ್ಷರದ ಎತ್ತರದ ಒಂದೂವರೆ ಪಟ್ಟಿಗಿಂತ ತುಸು ಹೆಚ್ಚು ಅಂತರ ಕೊಟ್ಟರೆ ಆಯಿತು. ಕನ್ನಡದಲ್ಲೇ ವಿಳಾಸ ಇಟ್ಟರೆ ಇನ್ನೊಂದು ಪೇಚು: ‘ಗೋರ್ಟಾ’ದ ಯೂನಿಕೋಡ್ ಸಂಕೇತಗಳು ಆರು, ವಿಳಾಸವನ್ನು ನಕಲಿಸಿ ಅಂಟಿಸಿದಾಗ ಅವು ಹಿಗ್ಗಿ ಶೇಕಡಾ ಚಿಹ್ನೆಗಳಿಂದ ಕಿಕ್ಕಿರಿದ 54 ಅಕ್ಷರಗಳಾಗಬಹುದು. ಗಾಬರಿ ಬೇಡ, ಸರ್ಚ್ ಎಂಜಿನ್ ಅದನ್ನು ಓದಬಲ್ಲದು. ಸಂಸ್ಥೆಯ ಹೆಸರನ್ನೇ ಫೋಟೊಶಾಪ್‌ನಲ್ಲಿ ಬರೆದು ಚಿತ್ರವಾಗಿ ಅಂಟಿಸುವುದು ಮಾತ್ರ ಹಳೆಯ ನುಡಿ ಕಾಲದ ತಪ್ಪಿಗೇ ಮರಳಿದಂತೆ. ಯಂತ್ರಕ್ಕೂ ಕಾಣದು, ಪರದೆಯನ್ನು ಓದಿ ಹೇಳುವ ತಂತ್ರಾಂಶ ಬಳಸುವ ಅಂಧರಿಗೂ ಕೇಳದು.

ಈ ಊರಿನ ಹೆಸರನ್ನು ಗೋರ್ಟಾ, ಗೋರಟಾ ಎಂದು ಎರಡು ಬಗೆಯಲ್ಲಿ ಬರೆಯುವುದುಂಟು. ಎರಡನ್ನೂ ಲೇಖನದೊಳಗೆ ಸಹಜವಾಗಿ ಒಮ್ಮೆ ತಂದರೆ ಅದು ಓದುಗನಿಗೆ ಉಪಕಾರ. ಪುಟದ ತಳದಲ್ಲಿ ಮೂವತ್ತು ಸಲ ತುರುಕಿದರೆ ಅದು ಕಪಟ. ಎರಡಕ್ಕೂ ಬೇಕಾಗುವುದು ಅವೇ ಅಕ್ಷರಗಳು.

ಜಾಲತಾಣ ಮಾಡಿಸುವವರು ಡೊಮೇನ್ ತಮ್ಮ ಹೆಸರಲ್ಲೇ ನೋಂದಣಿಯಾಗಿದೆಯೇ, ಸರ್ಚ್ ಕನ್ಸೋಲ್‌ನ ಕೀಲಿ ತಮ್ಮ ಕೈಯಲ್ಲಿದೆಯೇ ಎಂದು ಮೊದಲು ಕೇಳಬೇಕು. ಮೊದಲ ಸ್ಥಾನ ಗ್ಯಾರಂಟಿ ಎನ್ನುವವರಿಗೆ ಕೈ ಮುಗಿಯುವುದು ಲೇಸು, ಅಂಥ ಗ್ಯಾರಂಟಿ ಯಾರೂ ಕೊಡಲಾರರು ಎಂದು ಗೂಗಲ್ ತನ್ನ ಮಾರ್ಗದರ್ಶಿಯಲ್ಲೇ ಬರೆದಿದೆ. ಇನ್ನು ಬೀದರ್ ಸೀಮೆಯ ಮೇಷ್ಟ್ರುಗಳಲ್ಲಿ, ಮಠಗಳಲ್ಲಿ, ಮುದ್ರಣಾಲಯಗಳಲ್ಲಿ ಒಂದು ವಿನಂತಿ: ಊರಿನ ಚರಿತ್ರೆ, ಸ್ಮರಣ ಸಂಚಿಕೆ, ಹಿರಿಯರ ಹೇಳಿಕೆಗಳು ಹಳೆಯ ನುಡಿ, ಬರಹ ಕಡತಗಳಲ್ಲಿ ಉಳಿದಿದ್ದರೆ ಅವನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಒಮ್ಮೆ ಓದಿ ತಿದ್ದಿ, ಜಾಲಕ್ಕೇರಿಸಿ. ಪರಿವರ್ತಿಸುವ ತಂತ್ರಾಂಶಗಳು ಪುಕ್ಕಟೆ ಸಿಗುತ್ತವೆ.