ಹತ್ತಕ್ಕೆ ಹತ್ತು ಸಿಕ್ಕಿದರೂ ಮುಗಿಯದ ತಕರಾರು

ಒಂದೇ ಉತ್ತರ ಪತ್ರಿಕೆಗೆ ಮೊದಲು ಒಂದು ಅಂಕ, ಏಳು ವರ್ಷ ಕಳೆದ ಮೇಲೆ ಇನ್ನೊಂದು ಅಂಕ ಕೊಟ್ಟರೆ ಅಧ್ಯಾಪಕರಾದ ನಮ್ಮನ್ನು ಯಾರೂ ಸುಮ್ಮನೆ ಬಿಡಲಾರರು. ಸಂಗೀತ ಲೋಕದಲ್ಲಿ ಅಂಥದ್ದೊಂದು ನಡೆದಿದೆ. ಅಮೆರಿಕದ 'ನ್ಯೂಟ್ರಲ್ ಮಿಲ್ಕ್ ಹೋಟೆಲ್' ತಂಡದ 'ಇನ್ ದ ಏರೋಪ್ಲೇನ್ ಓವರ್ ದ ಸೀ' ಎಂಬ ಆಲ್ಬಮ್ 1998ರಲ್ಲಿ ಬಂದಾಗ 'ಪಿಚ್‌ಫೋರ್ಕ್' ಎಂಬ ಅಂತರ್ಜಾಲ ಪತ್ರಿಕೆ ಹತ್ತರಲ್ಲಿ 8.7 ಅಂಕ ಕೊಟ್ಟಿತು. 2005ರಲ್ಲಿ ಆಲ್ಬಮ್ ಮರುಬಿಡುಗಡೆಯಾದಾಗ ಅದೇ ಪತ್ರಿಕೆ ಕೊಟ್ಟದ್ದು ಹತ್ತಕ್ಕೆ ಹತ್ತು! ಹಾಡುಗಳು ಅವೇ. ಹಾಗಾದರೆ ಬದಲಾದದ್ದು ಏನು?

ದೊಡ್ಡ ಕಂಪೆನಿಗಳ ಹಂಗಿಲ್ಲದೆ ಸಣ್ಣ ಕಂಪೆನಿಗಳ ಮೂಲಕ ಹೊರಬರುವ ರಾಕ್ ಸಂಗೀತಕ್ಕೆ ಇಂಡೀ ರಾಕ್ ಎಂದು ಹೆಸರು. ಈ ಆಲ್ಬಮನ್ನು ತಂದದ್ದು ನಾರ್ತ್ ಕೆರೊಲಿನಾದ 'ಮರ್ಜ್ ರೆಕಾರ್ಡ್ಸ್'. ಹಾಡುಗಾರ ಜೆಫ್ ಮ್ಯಾಂಗಮ್ ಲೂಸಿಯಾನಾ ರಾಜ್ಯದ ರಸ್ಟನ್ ಎಂಬ ಸಣ್ಣ ಊರಿನವರು. 1997ರಲ್ಲಿ ಡೆನ್ವರ್ ನಗರದಲ್ಲಿ, ಬಾಲ್ಯದ ಗೆಳೆಯ ರಾಬರ್ಟ್ ಶ್ನೈಡರ್ ಅವರ ನೆರವಿನಿಂದ ಧ್ವನಿಮುದ್ರಣ ನಡೆಯಿತು. ಹನ್ನೊಂದು ಭಾಗ, ಸುಮಾರು ನಲವತ್ತು ನಿಮಿಷ. ಅಷ್ಟೇ.

ಮೊದಲ ತಕರಾರು ಹುಟ್ಟಿದ್ದು ನಾದದ ವಿಷಯದಲ್ಲಿ. ಗಿಟಾರ್ ಬೇಕೆಂದೇ ಒಡೆದ ಹಾಗೆ ಕೇಳಿಸುತ್ತದೆ. ತುತ್ತೂರಿಗಳು ಊರ ಬ್ಯಾಂಡಿನವರ ಹಾಗೆ ನುಗ್ಗುತ್ತವೆ. ಜೂಲಿಯನ್ ಕೋಸ್ಟರ್ ಗರಗಸಕ್ಕೆ ಕಮಾನು ಎಳೆದು ಅಳುವಂಥ ಸ್ವರ ಹೊರಡಿಸುತ್ತಾರೆ. ಮ್ಯಾಂಗಮ್ ಅವರ ಕಂಠವಂತೂ ಮೇಲಿನ ಸ್ಥಾಯಿಯಲ್ಲಿ ಸೀಳಿಹೋಗುವಷ್ಟು ಎಳೆಯುತ್ತದೆ. ಶ್ರುತಿ ಹಿಡಿದು ಕೇಳುವ ನಮ್ಮ ಕಿವಿಗೆ ಇದು ಒರಟು. ಅಲ್ಲಿಯೂ ಹಲವು ಮಂದಿಗೆ ಹಾಗೆಯೇ ಅನಿಸಿತು. 'ರೋಲಿಂಗ್ ಸ್ಟೋನ್' ಪತ್ರಿಕೆ ಕೊಟ್ಟದ್ದು ಐದರಲ್ಲಿ ಮೂರು ನಕ್ಷತ್ರ. ಒಂದು ಹಾಡಿನಲ್ಲಿ ಏಸುವಿನ ಮೇಲಿನ ಪ್ರೀತಿಯನ್ನು ಕೂಗಿ ಹೇಳಿದ್ದೂ ರಾಕ್ ಕೇಳುಗರಿಗೆ ಗೊಂದಲ ತಂದಿತು. ಇದು ವ್ಯಂಗ್ಯವಿರಬಹುದೇ ಎಂಬ ಅನುಮಾನ. ತಾನು ಹಾಡಿದ್ದನ್ನು ಮನಸಾರೆ ಹಾಡಿದ್ದೇನೆ, ಆದರೆ ಇದು ಒಂದು ಮತಕ್ಕೆ ಸೇರಿದ್ದಲ್ಲ ಎಂದು ಮ್ಯಾಂಗಮ್ ಆಲ್ಬಮ್ಮಿನ ಜೊತೆಗಿನ ಹಾಳೆಯಲ್ಲೇ ಬರೆದಿದ್ದರು.

ಅದೇ ವರ್ಷ ಕಚೇರಿಗಳ ಪ್ರವಾಸ ಮುಗಿಸಿದ ಮ್ಯಾಂಗಮ್ ಮೌನಕ್ಕೆ ಸರಿದರು. ಹೊಸ ಆಲ್ಬಮ್ ಬರಲಿಲ್ಲ. ಆ ಮೌನವೇ ಒಂದು ಕಥೆಯಾಗಿ ಆಲ್ಬಮ್ಮಿಗೆ ಅಂಟಿಕೊಂಡಿತು. ಗೆಳೆಯರಿಂದ ಗೆಳೆಯರಿಗೆ ದಾಟುತ್ತಾ ಅದು ಬೆಳೆಯಿತು. ಹತ್ತು ವರ್ಷ ಕಳೆದ ಮೇಲೆ, 2008ರಲ್ಲಿ, ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾದ ಗ್ರಾಮಫೋನ್ ತಟ್ಟೆಗಳ ಪಟ್ಟಿಯಲ್ಲಿ ಆರನೆಯ ಸ್ಥಾನಕ್ಕೆ ಬಂತು. ತಂಡ ಮತ್ತೆ ಒಂದಾಗಿ ಪ್ರವಾಸ ಮಾಡಿದ್ದು 2013ರಿಂದ 2015ರವರೆಗೆ. 1998ರಲ್ಲಿ ಅಂಗಡಿಯಲ್ಲಿ ಕೊಂಡವನು ಕೇಳಿದ್ದು ಒಂದು ವಿಚಿತ್ರ ಆಲ್ಬಮ್. ಮುಂದೆ ಬಂದವನು ಕೇಳಿದ್ದು 'ಮೇರುಕೃತಿ'. ಹೊಗಳಿಕೆ ಕಿವಿಯಲ್ಲಿ ತುಂಬಿಕೊಂಡು ಕೂತವನಿಗೆ ನಿರಾಸೆಯಾದರೆ ಆಶ್ಚರ್ಯವೇನು?

ಎರಡನೆಯ ತಕರಾರು ಇದಕ್ಕಿಂತ ಆಳವಾದದ್ದು. ಮ್ಯಾಂಗಮ್ ಆನ್ ಫ್ರಾಂಕಳ ಡೈರಿ ಓದಿ ದಿನಗಟ್ಟಲೆ ಅತ್ತವರು. ಕಾಲದಲ್ಲಿ ಹಿಂದೆ ಹೋಗಿ ಅವಳನ್ನು ಉಳಿಸುವ ಕನಸು ಕಾಣುತ್ತಿದ್ದುದಾಗಿ ಹೇಳಿಕೊಂಡವರು. 'ಹಾಲೆಂಡ್, 1945' ಮೊದಲಾದ ಹಾಡುಗಳಲ್ಲಿ ಅವಳ ನೆರಳಿದೆ. ನಾಜಿಗಳು ಕೊಂದ ಒಬ್ಬ ನಿಜವಾದ ಹುಡುಗಿಯನ್ನು ಪ್ರೇಮಗೀತೆಯ ನಾಯಕಿಯ ಹಾಗೆ ಹಾಡಬಹುದೇ? ಕೆಲವರಿಗೆ ಇದು ಅತಿಕ್ರಮಣ, ಇನ್ನು ಕೆಲವರಿಗೆ ಇದೇ ನಿಜವಾದ ಶೋಕ.

ಎನ್.ಸಿ.ಇ.ಆರ್.ಟಿ.ಯ ಹತ್ತನೇ ತರಗತಿಯ ಇಂಗ್ಲಿಷ್ ಪಠ್ಯದಲ್ಲಿ ಆ ಡೈರಿಯ ಒಂದು ಭಾಗವಿದೆ; ಹರಟೆಮಲ್ಲಿ ಎಂದು ಗಣಿತದ ಮೇಷ್ಟ್ರು ಪ್ರಬಂಧ ಬರೆಸಿದರೆ ಅದನ್ನೇ ತಮಾಷೆಯಾಗಿ ಬರೆದು ಗೆಲ್ಲುವ ಹುಡುಗಿ ಅಲ್ಲಿದ್ದಾಳೆ. 1944ರ ಮಾರ್ಚಿಯಲ್ಲಿ ರೇಡಿಯೋದಲ್ಲಿ ಡಚ್ ಮಂತ್ರಿಯೊಬ್ಬರು ಯುದ್ಧಕಾಲದ ಡೈರಿಗಳನ್ನು ಕಾಪಾಡಿ ಎಂದದ್ದನ್ನು ಕೇಳಿ, ಅವಳು ತನ್ನ ಡೈರಿಯನ್ನು ತಾನೇ ತಿದ್ದಿ ಬರೆಯತೊಡಗಿದಳು. ಆಗಸ್ಟ್ 4ರಂದು ಬಂಧನ. 1945ರ ಆರಂಭದಲ್ಲಿ ಬರ್ಗೆನ್-ಬೆಲ್ಸನ್ ಶಿಬಿರದಲ್ಲಿ ಸಾವು. ಅಂದರೆ ಆಕೆ ಬರೀ ಬಲಿಪಶುವಲ್ಲ, ಲೇಖಕಿ. ಹಾಡಿನಲ್ಲಿ ಈ ನಗುವ, ಬರೆಯುವ ಆನ್ ಕಾಣುವುದಿಲ್ಲ. ಕಾಣುವುದು ಹಾಡುಗಾರನ ದುಃಖ. ಆಕ್ಷೇಪಿಸುವವರ ಮಾತಿನಲ್ಲಿ ಹುರುಳಿರುವುದು ಇಲ್ಲಿ.

ಹಾಗೆಂದು ಆ ದುಃಖ ಸುಳ್ಳು ಎಂದು ನಾವು ಹೇಳಲಾರೆವು. ತಾನು ಹುಟ್ಟುವ ಮೊದಲೇ ಸತ್ತವಳಿಗಾಗಿ ಒಬ್ಬ ಅಳುವುದು ಸಣ್ಣ ಸಂಗತಿಯಲ್ಲ. ಇತಿಹಾಸ ಕಲಿಸುವವರು ಮಕ್ಕಳಲ್ಲಿ ಬಯಸುವುದೂ ಅದನ್ನೇ ಅಲ್ಲವೇ? 1998ರಲ್ಲಿ ಮುಖ ಸಿಂಡರಿಸಿದವರು ಕಿವುಡರಾಗಿರಲಿಲ್ಲ, 2005ರಲ್ಲಿ ಕೈ ಮುಗಿದವರು ಮರುಳರೂ ಅಲ್ಲ. ಅಂಕಗಳು ಈ ಜಗಳವನ್ನು ತೀರಿಸಲಾರವು. ಓದುಗರಿಗೆ ನಮ್ಮ ಸಲಹೆ ಒಂದೇ: ಮೊದಲು ಡೈರಿ ಓದಿ. ಆಮೇಲೆ ಆಲ್ಬಮ್ ಕೇಳಿ, ನಿಮ್ಮ ಅಂಕ ನೀವೇ ಹಾಕಿ.