ಅರಿಸಿನದ ವಾಹನ

ನಮ್ಮ ಇಚಲಕರಂಜಿಗೆ ಸಾಂಗಲಿ ದೂರವಲ್ಲ. ಆ ಪೇಟೆಯ ಅರಿಸಿನಕ್ಕೆ 2018ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. ಅದಕ್ಕಿಂತ ಬಹಳ ಮುಂಚೆಯೇ ಅರಿಸಿನವು ಪರದೇಶದಲ್ಲಿ ಒಂದು ವ್ಯಾಜ್ಯಕ್ಕೆ ಗುರಿಯಾಗಿದ್ದಿತು. ಅರಿಸಿನದಿಂದ ಗಾಯ ಮಾಯಿಸುವ ವಿಧಾನಕ್ಕೆ 1995ರಲ್ಲಿ ಅಮೇರಿಕದ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರವು ಪೇಟೆಂಟ್ ಪಡೆಯಿತು! ನಮ್ಮ ಅಜ್ಜಿಯರು ಕೇಳಿದ್ದರೆ ನಕ್ಕುಬಿಡುತ್ತಿದ್ದರು. ಆದರೆ ಪೇಟೆಂಟ್ ಕಚೇರಿಯಲ್ಲಿ ನಗೆಯು ಸಾಕ್ಷಿಯಾಗದು, ಬರೆಹ ಬೇಕು. ಭಾರತದ ವೈಜ್ಞಾನಿಕ ಮತ್ತು ಔದ್ಯೋಗಿಕ ಸಂಶೋಧನಾ ಮಂಡಳಿಯು ಹಳೆಯ ಸಂಸ್ಕೃತ ಗ್ರಂಥಗಳನ್ನೂ 1953ರ ಒಂದು ವೈದ್ಯಕೀಯ ಲೇಖನವನ್ನೂ ಮುಂದಿಟ್ಟಿತು. 1997ರಲ್ಲಿ ಆ ಹಕ್ಕು ರದ್ದಾಯಿತು.

ಈ ಕಥೆಯನ್ನು ಹೇಳುವವರು ಎಣ್ಣೆಯನ್ನು ಮರೆಯುವುದುಂಟು. 1815ರಲ್ಲಿ ಬೇರ್ಪಡಿಸಲ್ಪಟ್ಟ ಅರಿಸಿನದ ಸತ್ತ್ವ, ಕರ್ಕ್ಯುಮಿನ್, ನೀರಿನಲ್ಲಿ ಕರಗುವುದೇ ಇಲ್ಲವೆನ್ನಬಹುದು. ಅಜ್ಜಿಯರು ಅರಿಸಿನವನ್ನು ಎಣ್ಣೆಯಲ್ಲೋ ತುಪ್ಪದಲ್ಲೋ ಕಲಸಿ ಹಚ್ಚುತ್ತಿದ್ದರಷ್ಟೆ. ಅಲ್ಲಿ ಜಿಡ್ಡೇ ಔಷಧದ ವಾಹನ.

ಹೊಸ ವಾಹನವೂ ಜಿಡ್ಡಿನದೇ. 1960ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಅಲೆಕ್ ಬ್ಯಾಂಗಮ್ ಅವರು, ಕೆಲವು ಮೇದದ್ರವ್ಯಗಳು ನೀರಿನಲ್ಲಿ ತಾವಾಗಿಯೇ ಮುಚ್ಚಿದ ಗುಳ್ಳೆಗಳಾಗುವುದನ್ನು ಕಂಡರು. ಇವೇ ಲೈಪೋಸೋಮುಗಳು. ಮೀಟರಿನ ಕೋಟಿಯಲ್ಲೊಂದು ಪಾಲಿನಷ್ಟು ಸಣ್ಣ ಗುಳ್ಳೆಗಳ ಗೋಡೆಯಲ್ಲಿ ಈಗ ಕರ್ಕ್ಯುಮಿನ್ನನ್ನು ಸೇರಿಸುತ್ತಾರೆ. ಇಂತಹ ಸೂಕ್ಷ್ಮ ವಾಹನಗಳಿಂದ ಇಲಿಗಳ ಗಾಯಗಳು ಬೇಗ ಮಾಯ್ದುದುಂಟು. ಮನುಷ್ಯರ ವಿಷಯದಲ್ಲಿ ಪುರಾವೆ ಇನ್ನೂ ಸಾಲದು.

ಈ ವಾಹನಗಳಿಗೂ ಪೇಟೆಂಟುಗಳು ದೊರೆತಿವೆ. ಅವುಗಳೆದುರು ನಮ್ಮ ಹಳೆಯ ಗ್ರಂಥಗಳನ್ನು ಹಿಡಿದು ನಿಲ್ಲುವುದು ಸುಲಭವಲ್ಲ: ಅರಿಸಿನ ನಮ್ಮದೇ, ಎಣ್ಣೆಯೂ ನಮ್ಮದೇ, ಆ ಗುಳ್ಳೆಯನ್ನು ಮಾತ್ರ ನಮ್ಮ ಅಜ್ಜಿಯರು ಮಾಡಿರಲಿಲ್ಲ.